ಹೊಳೆಯ ನಕ್ಷೆಯಲ್ಲಿ ಮೀನಿನ ಮನೆ

(ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರಿಗೆ ನೀಡಿದ ಉಪನ್ಯಾಸ)



ಸಂಘದ ಸಭೆ ಅಂದ ಕೂಡಲೇ ನಮ್ಮ ಕೈ ಮೊದಲು ಹೋಗುವುದು ಲೆಕ್ಕದ ಪುಸ್ತಕಕ್ಕೆ. ಉಳಿತಾಯ ಎಷ್ಟು ಬಂತು, ಯಾರ ಕಂತು ಬಾಕಿ, ಬ್ಯಾಂಕಿಗೆ ಈ ಸಲ ಯಾರು ಹೋಗುತ್ತಾರೆ, ಇಷ್ಟರಲ್ಲೇ ಹೊತ್ತು ಕಳೆದುಹೋಗುತ್ತೆ. ಇವತ್ತು ಮೀನಿನ ಬಗ್ಗೆ ಮಾತಾಡೋಣ ಅಂದರೆ ಕೆಲವರಿಗೆ ನಗು ಬರಬಹುದು. ಮೀನು ಸಾಕಾಣಿಕೆಗೆ ಏನಾದರೂ ಸಬ್ಸಿಡಿ ಬಂದಿದೆಯಾ ಅಂತ ಕೆಲವರು ಕೇಳಲೂಬಹುದು. ಕೆರೆಗೆ ಬಿಡುವ ಕಾಟ್ಲಾ, ರೋಹು ಮರಿಗಳ ವಿಷಯ ಇನ್ನೊಂದು ದಿನಕ್ಕಿರಲಿ. ಇವತ್ತಿನ ಮಾತು ಹೊಳೆಯಲ್ಲಿ ತಾನಾಗಿ ಹುಟ್ಟಿ, ತಾನಾಗಿ ಬೆಳೆದು, ಮಳೆ ಬಂದಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪ್ರಯಾಣ ಮಾಡುವ ಮೀನಿನದು. ಆ ಮೀನಿನ ಮನೆ ಎಲ್ಲಿದೆ ಅಂತ ಗುರುತು ಹಾಕಿಡುವ ಕೆಲಸದ್ದು.

ನಮ್ಮ ಊರುಗಳಲ್ಲಿ ಹಳ್ಳಿ ನಕ್ಷೆ ಬಿಡಿಸಿದ್ದು ನಿಮಗೆ ನೆನಪಿದೆ ತಾನೆ? ದೇವಸ್ಥಾನದ ಮುಂದೋ ಶಾಲೆಯ ಅಂಗಳದಲ್ಲೋ ಜಾಗ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಪುಡಿಯಲ್ಲಿ ಬೀದಿ ಬರೆದು, ಮನೆಗೊಂದು ಕಲ್ಲು ಇಡುತ್ತಿದ್ದೆವು. ಬೋರ್‌ವೆಲ್ ಎಲ್ಲಿ, ಅಂಗನವಾಡಿ ಎಲ್ಲಿ, ಸಾರಾಯಿ ಅಂಗಡಿ ಎಲ್ಲಿ ಅನ್ನುವುದೆಲ್ಲ ಅದರಲ್ಲಿ ಬರುತ್ತಿತ್ತು. ಯಾವ ಮನೆ ವಿಧವೆಯದು, ಯಾವ ಮನೆಗೆ ಶೌಚಾಲಯ ಇಲ್ಲ ಅನ್ನುವುದೂ ಬರುತ್ತಿತ್ತು. ಹೊಳೆ ಪಕ್ಕದ ಊರಾದರೆ ಕೊನೆಗೆ ಒಬ್ಬರು ನೀಲಿ ಪುಡಿ ತಂದು, ನಕ್ಷೆಯ ಅಂಚಿನಲ್ಲಿ ಒಂದು ಉದ್ದ ಗೆರೆ ಎಳೆದು, ಇದೇ ಹೊಳೆ ಅನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು.

ಊರೊಳಗೆ ಒಂದೊಂದು ಮನೆಯನ್ನೂ ಬಿಡದೆ ಗುರುತಿಸುವ ನಾವು ಹೊಳೆಯನ್ನು ಒಂದೇ ಗೆರೆಯಲ್ಲಿ ಮುಗಿಸುತ್ತೇವೆ. ಸರ್ಕಾರದ ನಕ್ಷೆಯಲ್ಲೂ ಅಷ್ಟೇ. ಆದರೆ ಹೊಳೆಗೆ ಇಳಿದವರಿಗೆ ಗೊತ್ತು, ಹೊಳೆ ಒಂದೇ ಸಮ ಇರಲ್ಲ. ಒಂದು ಕಡೆ ಆನೆ ಮುಳುಗುವಷ್ಟು ಆಳದ ಮಡು, ಅಲ್ಲಿಂದ ಕೂಗಳತೆ ದೂರದಲ್ಲಿ ಮೊಣಕಾಲುದ್ದ ನೀರು. ಒಂದು ಕಡೆ ಬರೀ ಬಂಡೆ, ಇನ್ನೊಂದು ಕಡೆ ಬಟ್ಟೆ ಒಗೆಯಲು ಹದವಾದ ಗುಂಡುಕಲ್ಲು, ಅದರಾಚೆ ಗರಸು, ಅದರಾಚೆ ಮರಳು, ತಿರುವಿನಲ್ಲಿ ಕೆಸರು. ನಮ್ಮ ಮನೆಯಲ್ಲಿ ಅಡುಗೆಮನೆ, ನಡುಮನೆ, ಕೊಟ್ಟಿಗೆ ಬೇರೆ ಬೇರೆ ಇರುವ ಹಾಗೆ ಮೀನಿಗೂ ಈ ಜಾಗಗಳು ಬೇರೆ ಬೇರೆ ಕೆಲಸಕ್ಕೆ ಬೇಕು.

ನಮ್ಮ ಭಾಗದ ದೊಡ್ಡ ಮೀನನ್ನೇ ನೋಡಿ. ಹೊಳೆ ಕಡೆಯವರು ಬಿಳಿಮೀನು ಅನ್ನುತ್ತಾರೆ, ಪುಸ್ತಕದಲ್ಲಿ ಮಹಶೀರ್ ಅಂತ ಬರೆಯುತ್ತಾರೆ. ಅಂಗೈಯಗಲದ ಹೊಳೆಯುವ ಹುರುಪೆ, ಬಾಯಿಯ ಪಕ್ಕ ಮೀಸೆ. ಕಾವೇರಿಯ ಮಹಶೀರ್‌ಗೆ ಬೆನ್ನು ಗೂನಿನ ಹಾಗೆ ಎದ್ದಿರುತ್ತೆ. ಈ ಜಾತಿ ಕಾವೇರಿ ಮತ್ತು ಕಾವೇರಿಗೆ ಸೇರುವ ನದಿಗಳನ್ನು ಬಿಟ್ಟು ಭೂಮಿ ಮೇಲೆ ಇನ್ನೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ 54 ಕೆ.ಜಿ. ನಮ್ಮಲ್ಲಿ ಕೆಲವರ ತೂಕಕ್ಕಿಂತ ಹೆಚ್ಚು!

ಇಷ್ಟು ಹೆಸರುವಾಸಿ ಮೀನಿಗೆ 2018ರವರೆಗೆ ವಿಜ್ಞಾನದಲ್ಲಿ ಒಂದು ಖಚಿತ ಹೆಸರೇ ಇರಲಿಲ್ಲ. ಆ ವರ್ಷ ಸಂಶೋಧಕರು ಪರೀಕ್ಷೆ ಮಾಡಿ, ಕೇರಳದ ಪಾಂಬಾರ್ ನದಿಯ ಒಂದು ಮೀನೂ ನಮ್ಮ ಗೂನುಬೆನ್ನಿನ ಮೀನೂ ಒಂದೇ ಜಾತಿ ಅಂತ ತೋರಿಸಿದರು. ಆ ಜಾತಿಗೆ ಇಟ್ಟಿದ್ದ ಹೆಸರು ಟಾರ್ ರೆಮಾದೇವಿ. ಮೀನುಗಳ ಅಧ್ಯಯನದಲ್ಲಿ ದುಡಿದ ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಕ್ಕೆ ಇಟ್ಟ ಹೆಸರು ಅದು. ಕಾವೇರಿಯ ಅತಿ ದೊಡ್ಡ ಮೀನಿಗೆ ಒಬ್ಬ ಹೆಣ್ಣುಮಗಳ ಹೆಸರು, ಕೇಳಲು ಖುಷಿಯೇ. ಆದರೆ ಹೆಸರು ಸಿಕ್ಕ ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅತಿ ಹತ್ತಿರ ಇರುವ ಜಾತಿ ಅಂತಲೂ ಸೇರಿತು. ಶಿವನಸಮುದ್ರದ ಕೆಳಗಿನ ಕಾವೇರಿ, ತಮಿಳುನಾಡಿನ ಮೋಯಾರ್ ಸೇರಿ ಬೆರಳೆಣಿಕೆಯ ಕಡೆ ಮಾತ್ರ ಉಳಿದಿದೆ.

ಮಹಶೀರ್ ಮೀನಿನ ವರ್ಷ ಹೇಗಿರುತ್ತೆ ಅಂತ ಸ್ವಲ್ಪ ಹೇಳಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ದೊಡ್ಡ ಮೀನುಗಳು ಆಳದ ಮಡುವಿನಲ್ಲಿ ಉಳಿಯುತ್ತವೆ. ಅಲ್ಲಿ ತಂಪು, ಅಲ್ಲಿ ಮರೆ. ಮುಂಗಾರಿನ ಹೊಸ ನೀರು ಬಂದಾಗ ಮೇಲ್ಮುಖವಾಗಿ ಹೊರಡುತ್ತವೆ. ನೀರು ಕಲ್ಲಿನ ಮೇಲೆ ಓಡಿ ಗಾಳಿ ಬೆರೆತು ನೊರೆಯಾಗುವ, ತಳದಲ್ಲಿ ಶುದ್ಧ ಗರಸು, ಬೆಣಚುಕಲ್ಲು ಇರುವ ಜಾಗ ಹುಡುಕಿ ಮೊಟ್ಟೆ ಇಡುತ್ತವೆ. ಮೊಟ್ಟೆ ತೇಲುವುದಿಲ್ಲ, ಮುಳುಗಿ ಕಲ್ಲಿನ ಸಂದಿಯಲ್ಲಿ ಕೂರುತ್ತೆ. ಮೂರು ನಾಲ್ಕು ದಿನಕ್ಕೆ ಮರಿ ಒಡೆಯುತ್ತೆ. ಒಡೆದ ಮರಿಗೂ ಕೆಲವು ದಿನ ಆ ಕಲ್ಲಿನ ಸಂದಿಯೇ ಆಶ್ರಯ. ಆಮೇಲೆ ದಡದ ತೆಳು ನೀರಿಗೆ ಬರುತ್ತೆ. ತಾಯಿ ಮೀನು ಮತ್ತೆ ಮಡುವಿಗೆ ಇಳಿಯುತ್ತೆ. ನಮ್ಮ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ, ಬಾಣಂತನ ಮುಗಿಸಿ ಗಂಡನ ಮನೆಗೆ ಬರುವ ಹಾಗೆ ಅಂತ ಇಟ್ಟುಕೊಳ್ಳಿ. ಒಂದೇ ವ್ಯತ್ಯಾಸ, ಮೀನು ಪ್ರತಿ ಸಲವೂ ಹೋಗಬೇಕು.

ಇದರಲ್ಲಿ ಎಷ್ಟು ಜಾಗ ಬಂತು ಎಣಿಸಿ. ಬೇಸಿಗೆಯ ಮಡು, ಮೊಟ್ಟೆಯ ಗರಸು, ಮರಿ ಬೆಳೆಯುವ ದಡ, ಇವುಗಳ ನಡುವಿನ ದಾರಿ. ನಾಲ್ಕರಲ್ಲಿ ಒಂದು ಕೆಟ್ಟರೂ ಉಳಿದ ಮೂರು ಇದ್ದು ಪ್ರಯೋಜನ ಇಲ್ಲ. ಮಡುವಿಗೆ ತೋಟೆ ಹಾಕಿ ಸಿಡಿಸಿದರೆ ದೊಡ್ಡ ಮೀನು ಹೋಯಿತು. 1897ರ ಮೀನುಗಾರಿಕೆ ಕಾಯ್ದೆಯಿಂದಲೂ ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು ಅಪರಾಧ, ಆದರೂ ನಡೆಯುತ್ತೆ. ಗರಸು, ಮರಳನ್ನು ಲಾರಿಗೆ ತುಂಬಿದರೆ ಹೆರಿಗೆ ಕೋಣೆಯೇ ಹೋಯಿತು. ಗರಸು ಅಲ್ಲೇ ಇದ್ದು ಅದರ ಮೇಲೆ ಕೆಸರು ಕೂತರೂ ಮೊಟ್ಟೆಗೆ ಉಸಿರು ಕಟ್ಟುತ್ತೆ. ಮೊಟ್ಟೆ ಇಟ್ಟ ಮೇಲೆ ಮೇಲಿನ ಅಣೆಕಟ್ಟಿನವರು ದಿಢೀರಂತ ನೀರು ನಿಲ್ಲಿಸಿದರೆ ಗರಸು ಬಿಸಿಲಿಗೆ ಒಣಗುತ್ತೆ. ನಡುವೆ ಒಂದು ಗೋಡೆ ಎದ್ದರೆ ದಾರಿಯೇ ಇಲ್ಲ.

ಗೋಡೆ ಅಂದಾಗ ನಮ್ಮ ಮೂರು ತಾಲ್ಲೂಕುಗಳ ಹೊಳೆಯ ಸ್ಥಿತಿ ಸ್ವಲ್ಪ ವಿವರವಾಗಿ ನೋಡೋಣ. ನಮ್ಮಲ್ಲಿರುವುದು ಒಂದೇ ಕಾವೇರಿ ಅಂತ ನಾವು ಅಂದುಕೊಂಡಿದ್ದೇವೆ. ಮೀನಿನ ಕಣ್ಣಲ್ಲಿ ಎರಡು. ದಾಸನಪುರ, ಹರಳೆ, ಮುಳ್ಳೂರು, ಹಳೇ ಹಂಪಾಪುರ, ಯಡಕುರಿಯ ಈ ಕಡೆಯ ಹೊಳೆ ಶಿವನಸಮುದ್ರದ ಮೇಲಿನದು. 2018, 2019ರಲ್ಲಿ ಪ್ರವಾಹ ಬಂದು ಗಂಜಿ ಕೇಂದ್ರದಲ್ಲಿದ್ದವರು ಈ ಸಭೆಯಲ್ಲೂ ಇದ್ದೀರಿ. ಯಳಂದೂರಿನ ಮೇಲೆ ಹಾದು ಬರುವ ಸುವರ್ಣಾವತಿ ಸೇರುವುದೂ ಈ ಮೇಲಿನ ಹೊಳೆಗೇ. ಆಮೇಲೆ ಭರಚುಕ್ಕಿ, ಗಗನಚುಕ್ಕಿ. ಅಷ್ಟು ಎತ್ತರದಿಂದ ಬೀಳುವ ನೀರನ್ನು ಹತ್ತಿ ಮೇಲೆ ಬರಲು ಯಾವ ಮಹಶೀರ್‌ಗೂ ಆಗದು. ಇದು ಯಾರೂ ಕಟ್ಟಿದ ಗೋಡೆ ಅಲ್ಲ, ಮೊದಲಿನಿಂದ ಇದ್ದದ್ದು. ಮೇಲಿನ ಮೀನು ಮೇಲೆ, ಕೆಳಗಿನ ಮೀನು ಕೆಳಗೆ, ಎರಡೂ ಕಡೆ ಅವುಗಳ ಬಾಳು ನಡೆದಿತ್ತು.

ಜಲಪಾತದ ಕೆಳಗೆ ಹೊಳೆ ಕಾಡಿಗೆ ಹೊಗುತ್ತೆ. ಬಲದಂಡೆ ಕೊಳ್ಳೇಗಾಲ, ಹನೂರಿನ ಕಡೆಯದು, ಎಡದಂಡೆ ಮಳವಳ್ಳಿ, ಕನಕಪುರದ ಕಡೆಯದು. 1987ರಲ್ಲಿ ಇದನ್ನು ಕಾವೇರಿ ವನ್ಯಜೀವಿಧಾಮ ಅಂತ ಘೋಷಿಸಿದರು. ಹನೂರಿನ ಉಡುತೊರೆಹಳ್ಳ ಈ ಕೆಳಗಿನ ಹೊಳೆಗೆ ಬಂದು ಸೇರುತ್ತೆ. ಗಡಿಯಲ್ಲಿ ಪಾಲಾರ್ ಸೇರುತ್ತೆ. ಹೊಗೆನಕಲ್ ದಾಟಿದ ಮೇಲೆ ಮೆಟ್ಟೂರು ಅಣೆಕಟ್ಟಿನ ಹಿನ್ನೀರು. ಹೀಗೆ ಮೇಲೆ ಜಲಪಾತ, ಕೆಳಗೆ ಮೆಟ್ಟೂರು, ನಡುವೆ ಸಿಕ್ಕಿಕೊಂಡ ಹೊಳೆಯೇ ಗೂನುಬೆನ್ನಿನ ಮೀನಿಗೆ ಉಳಿದ ದೊಡ್ಡ ಆಸ್ತಿ. ಅದರ ಒಂದು ದಂಡೆ ನಮ್ಮದು.

ಹಳ್ಳಗಳನ್ನೂ ಮರೆಯಬಾರದು. ಮೊದಲ ಮಳೆಗೆ ಸಣ್ಣ ಮೀನುಗಳು ದೊಡ್ಡ ಹೊಳೆ ಬಿಟ್ಟು ಹಳ್ಳಕ್ಕೆ, ಹಳ್ಳ ಬಿಟ್ಟು ಗದ್ದೆಯ ಬಯಲಿಗೆ ಹತ್ತುತ್ತವೆ. ಮಲೆನಾಡಿನವರು ಅದನ್ನು ಹತ್ತುಮೀನು ಅಂತಲೇ ಕರೆಯುತ್ತಾರೆ. ನಮ್ಮಲ್ಲಿ ಗುಂಡಾಲ್, ಉಡುತೊರೆ, ಸುವರ್ಣಾವತಿ ಎಲ್ಲದಕ್ಕೂ ಅಣೆಕಟ್ಟು ಬಂದಿವೆ. ಅವುಗಳಿಂದ ಜಮೀನಿಗೆ ನೀರು ಬಂತು, ನಮ್ಮ ಮನೆಯ ಅನ್ನವೂ ಅದರಲ್ಲಿದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಣೆಕಟ್ಟಿನ ಕೆಳಗೆ ಉಳಿದ ಹಳ್ಳದಲ್ಲಿ ಎಷ್ಟು ದೂರ ಮೀನು ಇನ್ನೂ ಹತ್ತುತ್ತೆ ಅಂತ ಯಾರಾದರೂ ನೋಡಿ ಬರೆದಿಟ್ಟರೆ ಮಾತ್ರ ಉಳಿದದ್ದನ್ನು ಉಳಿಸಬಹುದು.

ಈಗ ಸ್ವಲ್ಪ ದೂರ ಹೋಗೋಣ, ಕಾವೇರಿ ಕಡಲು ಸೇರುವ ಕಡೆಗೆ. ತಲಕಾವೇರಿಯಿಂದ ಸುಮಾರು 800 ಕಿ.ಮೀ. ಹರಿದು ತಮಿಳುನಾಡಿನ ಪೂಂಪುಹಾರ್ ಹತ್ತಿರ ಹೊಳೆ ಕಡಲು ಮುಟ್ಟುತ್ತೆ. ಪ್ರವಾಹದ ನೀರಿನ ಹೆಚ್ಚಿನ ಪಾಲು ಕೊಳ್ಳಿಡಂ ಅನ್ನುವ ಕವಲಿನಲ್ಲಿ ಹೋಗುತ್ತೆ. ಸಿಹಿನೀರೂ ಉಪ್ಪುನೀರೂ ಕಲೆಯುವ ಆ ಜಾಗಕ್ಕೆ ಕರಾವಳಿಯವರು ಅಳಿವೆ ಅನ್ನುತ್ತಾರೆ. ಕೊಳ್ಳೇಗಾಲದಲ್ಲಿ ಕೂತು ಅಳಿವೆಯ ಮಾತೇಕೆ ಅಂದರೆ, ಅಲ್ಲಿಂದ ನಮ್ಮ ಕಡೆಗೆ ಮುಖಮಾಡಿ ಹೊರಡುವ ಮೀನೊಂದು ಇತ್ತು. ಅದರ ಹೆಸರು ಹಿಲ್ಸಾ. ಬಂಗಾಳದವರು ಇಲಿಶ್ ಅಂತ ಪ್ರಾಣ ಬಿಡುತ್ತಾರಲ್ಲ, ಅದೇ. ಕಡಲಲ್ಲಿ ಬೆಳೆದು, ಹೊಳೆಯಲ್ಲಿ ಹೊಸ ನೀರು ಬಂದಾಗ ಅಳಿವೆಯ ಬಾಗಿಲಿಂದ ಒಳಬಂದು, ಸಿಹಿನೀರಿನಲ್ಲಿ ಮೊಟ್ಟೆ ಇಟ್ಟು ಹಿಂದಿರುಗುವ ಮೀನು. ಮರಿಗಳು ಹೊಳೆಯಲ್ಲೂ ಅಳಿವೆಯಲ್ಲೂ ತಿಂದು ಬೆಳೆದು ಕಡಲಿಗೆ ಇಳಿಯುತ್ತವೆ. ಅವುಗಳಿಗೆ ಅಳಿವೆಯೇ ಅಂಗನವಾಡಿ.

ಕಾವೇರಿಯಲ್ಲೂ ಹಿಲ್ಸಾ ಹತ್ತುತ್ತಿತ್ತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿಯಿತು. ಮೇಲಿನ ಹೊಳೆಯ ದಾರಿ ಮುಚ್ಚಿತು, ಕೆಳಗೆ ಬರುವ ಪ್ರವಾಹದ ನೀರಿನ ಹೊತ್ತೂ ಅಳತೆಯೂ ಬದಲಾಯಿತು. ಕಾವೇರಿಯ ಹಿಲ್ಸಾ ಮೀನುಗಾರಿಕೆ ಆಮೇಲೆ ಕುಸಿದುಹೋಯಿತು. ಗಂಗೆಯಲ್ಲೂ ಇದೇ ಆಯಿತು. 1975ರಲ್ಲಿ ಫರಕ್ಕಾ ಬ್ಯಾರೇಜ್ ಬಂದ ಮೇಲೆ ಅಲಹಾಬಾದಿನವರೆಗೂ ಹೋಗುತ್ತಿದ್ದ ಹಿಲ್ಸಾ ಫರಕ್ಕಾದ ಕೆಳಗೇ ನಿಂತಿತು. ಗಂಗೆಯ ಕಥೆಯನ್ನು ಇವತ್ತಿಗೂ ಜನ ಮಾತಾಡುತ್ತಾರೆ. ಕಾವೇರಿಯ ಹಿಲ್ಸಾವನ್ನು ನೆನೆಯುವವರು ಯಾರೂ ಇಲ್ಲ. ಒಂದು ಮೀನು ಹೋದರೆ ಎರಡು ತಲೆಮಾರಿನಲ್ಲಿ ಅದರ ಹೆಸರೂ ಹೋಗುತ್ತೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೊರದೇಶದಲ್ಲಿ ಬೇರೆ ತರಹದ ಕಥೆಯೂ ಇದೆ. ಅಮೆರಿಕದ ಮೇನ್ ರಾಜ್ಯದ ಕೆನೆಬೆಕ್ ನದಿಗೆ 1837ರಲ್ಲಿ ಎಡ್ವರ್ಡ್ಸ್ ಅಣೆಕಟ್ಟು ಕಟ್ಟಿದ್ದರು. 1999ರಲ್ಲಿ ಅದನ್ನು ಒಡೆದು ತೆಗೆದರು. ಕಡಲಿನಿಂದ ಬರುವ ಮೀನುಗಳು ಲಕ್ಷಗಟ್ಟಲೆ ಮತ್ತೆ ಹತ್ತಿದವು. ಇಂಥ ನದಿಗಳಲ್ಲಿ ವಿಜ್ಞಾನಿಗಳು ದೋಣಿಯಿಂದ ನೀರೊಳಗೆ ಶಬ್ದದ ಅಲೆ ಬಿಟ್ಟು, ಅದು ತಳಕ್ಕೆ ಬಡಿದು ಬರುವುದನ್ನು ಯಂತ್ರದಲ್ಲಿ ಹಿಡಿದು, ಎಲ್ಲಿ ಬಂಡೆ, ಎಲ್ಲಿ ಗರಸು, ಎಲ್ಲಿ ಮರಳು ಅಂತ ಚಿತ್ರ ಬಿಡಿಸುತ್ತಾರೆ. ಹೆರಿಗೆ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುವುದೂ ಶಬ್ದದ ಅಲೆಯಿಂದಲೇ, ನೀವೆಲ್ಲ ನೋಡಿದ್ದೀರಿ. ಮೀನಿಗೆ ಸಣ್ಣ ಗುರುತು ಯಂತ್ರ ಕಟ್ಟಿ ಯಾವ ತಿಂಗಳು ಎಲ್ಲಿರುತ್ತೆ ಅಂತಲೂ ನೋಡುತ್ತಾರೆ. ನೀರನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಶಾಲೆಗೆ ಕೊಟ್ಟು, ಅದರಲ್ಲಿ ಯಾವ ಮೀನಿನ ಅಂಶ ಇದೆ ಅಂತ ಹೇಳುವ ವಿದ್ಯೆಯೂ ಬಂದಿದೆ. ನಮ್ಮ ಹತ್ತಿರ ಅಂಥ ಯಂತ್ರ ಇಲ್ಲ. ಆದರೆ ಎಲ್ಲ ಕೆಲಸಕ್ಕೂ ಯಂತ್ರ ಬೇಕಿಲ್ಲ.

ಯಂತ್ರವಿಲ್ಲದ ಒಂದು ಕೆಲಸ ನಮ್ಮ ಹೊಳೆಯಲ್ಲೇ ನಡೆದಿದೆ. ಎದುರು ದಂಡೆಯ ಗಾಳಿಬೋರೆ ಶಿಬಿರದಲ್ಲಿ ಗಾಳ ಹಾಕಲು ಬರುತ್ತಿದ್ದವರು ಮೀನನ್ನು ಹಿಡಿದು, ತೂಗಿ, ಬರೆದು, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗೆ ಹೀಗೆ ಬರೆದಿಟ್ಟ ಪುಸ್ತಕದಲ್ಲಿ 6,000ಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕ ಇತ್ತು. ಅದನ್ನು ಕೂತು ನೋಡಿದ ಸಂಶೋಧಕರಿಗೆ ಒಂದು ಸಂಗತಿ ಕಂಡಿತು. ಸಿಗುವ ಮೀನಿನ ಸಂಖ್ಯೆ ಏರುತ್ತಿತ್ತು, ಆದರೆ ಗೂನುಬೆನ್ನಿನ ಮೀನು ಕಾಣೆಯಾಗುತ್ತಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯ ಬೇರೆ ಮಹಶೀರ್. ಅದು ಮಹಾರಾಷ್ಟ್ರದ ಲೋಣಾವಳದ ಕಡೆಯ ಮರಿಕೇಂದ್ರದಿಂದ 1970ರ ದಶಕದಲ್ಲಿ ಒಳ್ಳೆಯ ಮನಸ್ಸಿನಿಂದಲೇ ತಂದು ಬಿಟ್ಟ ಜಾತಿ. ನಮ್ಮ ಸಂಘದಲ್ಲಿ ಒಟ್ಟು ಉಳಿತಾಯ ಏರುತ್ತಲೇ ಇದ್ದು, ಮೊದಲು ಸಂಘ ಕಟ್ಟಿದ ಹೆಂಗಸರು ಒಬ್ಬೊಬ್ಬರಾಗಿ ಬಿಟ್ಟುಹೋದರೆ ಒಟ್ಟು ಮೊತ್ತ ನೋಡಿದವರಿಗೆ ಅದು ಗೊತ್ತಾಗುತ್ತದೆಯೇ? ಹೆಸರು ಹೆಸರಾಗಿ ಬರೆದ ಪುಸ್ತಕ ಇದ್ದರೆ ಗೊತ್ತಾಗುತ್ತೆ.

ಯಳಂದೂರಿನವರಿಗೆ ಇನ್ನೊಂದು ಉದಾಹರಣೆ ಮನೆಯ ಮುಂದೆಯೇ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡಿನ ನಕ್ಷೆಯನ್ನು ತಾವೇ ಮಾಡಿದರು. ಕುಲಕುಲದ ಎಲ್ಲೆ, ಆ ಎಲ್ಲೆಯೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ನೀರಿನ ಅಬ್ಬಿ, ಹೀಗೆ ನೂರಾರು ಜಾಗಗಳನ್ನು ಹಿರಿಯರ ಜೊತೆ ನಡೆದು ನಡೆದು ಗುರುತಿಸಿದರು. ಏಟ್ರೀ ಸಂಸ್ಥೆಯ ಸಂಶೋಧಕರು ಜೊತೆಗಿದ್ದು ಜಿಪಿಎಸ್ ಹಿಡಿದರು. ಸರ್ಕಾರದ ನಕ್ಷೆಯಲ್ಲಿ ಬರೀ ಹಸಿರು ಬಣ್ಣ ಇದ್ದ ಕಡೆ ಈಗ ಹೆಸರುಗಳು ತುಂಬಿವೆ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹೆಸರಿಟ್ಟು ಗುರುತಿಸಿದ ಜಾಗದ ಬಗ್ಗೆ ಅಧಿಕಾರಿಯ ಮುಂದೆ ಮಾತಾಡಬಹುದು, ಹಸಿರು ಬಣ್ಣದ ಬಗ್ಗೆ ಏನು ಮಾತಾಡುವುದು? ಹೊಳೆಯಲ್ಲೂ ಅಬ್ಬಿಯ ಹಾಗೇ ಮಡುವಿಗೊಂದು ಹೆಸರಿದೆ. ಬಂಡೆಗೆ, ತಿರುವಿಗೆ, ನಡುಗಡ್ಡೆಗೆ ಹೆಸರಿದೆ. ತೆಪ್ಪ ಹಾಕುವ ಬೆಸ್ತರ ಹಿರಿಯರಿಗೆ ಅವು ಬಾಯಿಪಾಠ. ಅವರ ಮಕ್ಕಳು ಬೆಂಗಳೂರಿಗೋ ತಿರುಪ್ಪೂರಿಗೋ ಕೆಲಸಕ್ಕೆ ಹೋಗಿದ್ದಾರೆ.

ಇಷ್ಟೆಲ್ಲ ಕೇಳಿ, ಇದರಲ್ಲಿ ಹೆಂಗಸರು ಏನು ಮಾಡಬೇಕು, ಬಲೆ ಬೀಸುವವರು ಗಂಡಸರು ತಾನೆ ಅನ್ನಬಹುದು. ಬಲೆ ಬೀಸುವವರು ಅವರು, ಮೀನು ಕೊಯ್ಯುವವರು ನಾವು. ಯಾವ ಮಳೆಗೆ ಯಾವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇತ್ತು ಅಂತ ಗೊತ್ತಿರುವುದು ಈಳಿಗೆಮಣೆ ಮುಂದೆ ಕೂತವಳಿಗೆ. ಮೊಟ್ಟೆ ಸಾಸಿವೆ ಕಾಳಿನಷ್ಟು ಇತ್ತೋ, ಬಲಿತು ಬಿಡಿಬಿಡಿಯಾಗಿತ್ತೋ, ಇಲ್ಲ ಹೊಟ್ಟೆ ಖಾಲಿ ಜೋಲುತ್ತಿತ್ತೋ ಅನ್ನುವುದೂ ಅವಳಿಗೇ ಗೊತ್ತು. ಇದನ್ನು ತಿಳಿಯಲು ವಿಜ್ಞಾನಿಗಳು ತಿಂಗಳುಗಟ್ಟಲೆ ಮೀನು ಕೊಯ್ದು ನೋಡುತ್ತಾರೆ. ನಮ್ಮ ಅಡುಗೆಮನೆಯಲ್ಲಿ ವರ್ಷವಿಡೀ ಆ ಕೆಲಸ ನಡೆದೇ ಇದೆ, ಬರೆದಿಡುವುದು ಒಂದೇ ಬಾಕಿ. ಮೃಗಶಿರ ಮಳೆಯಲ್ಲಿ ಗೆಂಡೆ ಮೀನಿನ ಹೊಟ್ಟೆ ತುಂಬ ಮೊಟ್ಟೆ ಇದ್ದು, ಪುನರ್ವಸು ಹೊತ್ತಿಗೆ ಖಾಲಿ ಆಗಿದ್ದರೆ, ನಡುವಿನ ಆರಿದ್ರಾದಲ್ಲಿ ಅದು ಎಲ್ಲೋ ಇಟ್ಟಿದೆ ಅಂತ ಅರ್ಥ. ಆ ಹದಿನೈದು ದಿನ ಯಾವ ಹಳ್ಳದಲ್ಲಿ ಮೀನು ಹತ್ತುವುದು ಕಂಡಿತು ಅಂತ ಊರಲ್ಲಿ ಕೇಳಿದರೆ ಜಾಗವೂ ಸಿಕ್ಕೀತು.

ಸಂತೆಯಲ್ಲಿ ಮೀನು ಮಾರುವ ನಮ್ಮ ಸದಸ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಹೊಳೆಮೀನು ಬೇರೆ, ಕೆರೆಮೀನು ಬೇರೆ, ಜಿಲೇಬಿ ಬೇರೆ ಅಂತ ಮೂರು ಕಾಲಂ ಸಾಕು. ಹೊಳೆಮೀನಿನಲ್ಲಿ ದೊಡ್ಡದು ಎಷ್ಟು ತೂಗಿತು, ಯಾವ ಊರಿನ ಕಡೆಯಿಂದ ಬಂತು. ಉಳಿತಾಯದ ಪುಸ್ತಕದ ಕೊನೆಯ ಹಾಳೆಗಳಲ್ಲೇ ಬರೆಯಿರಿ, ಹೊಸ ಪುಸ್ತಕಕ್ಕೆ ದುಡ್ಡು ಹಾಕಬೇಕಿಲ್ಲ.

ನಕ್ಷೆ ಮಾಡುವುದಕ್ಕೆ ಹೊತ್ತು ಅಂದರೆ ಬೇಸಿಗೆ. ನೀರು ತಳ ಕಂಡಾಗ ಹೊಳೆ ತನ್ನ ಗುಟ್ಟು ಬಿಟ್ಟುಕೊಡುತ್ತೆ. ಮೊದಲು ಹಿರಿಯರನ್ನು ಕೂರಿಸಿ ಮೇಲಿನಿಂದ ಕೆಳಗಿನವರೆಗೆ ಜಾಗಗಳ ಹೆಸರು ಕೇಳಿ ರಂಗೋಲಿಯಲ್ಲಿ ಬರೆಯೋಣ. ಈ ಸಲ ಹೊಳೆ ನಕ್ಷೆಯ ಅಂಚಿನಲ್ಲಿ ಬೇಡ, ನಡುವೆ ಇರಲಿ, ಮೂರು ಮಾರು ಅಗಲ ಇರಲಿ. ಬೇಸಿಗೆಯಲ್ಲೂ ಬತ್ತದ ಮಡುವಿಗೆ ನೀಲಿ, ಗರಸಿಗೆ ಬಿಳಿ, ಮರಳಿಗೆ ಹಳದಿ, ಕೆಸರಿಗೆ ಇದ್ದಿಲು. ಮರಳು ತೆಗೆದು ಗುಂಡಿ ಬಿದ್ದ ಕಡೆ ಕೆಂಪು. ಅಣೆ, ಕಟ್ಟೆ, ಊರ ಚರಂಡಿ ಬಂದು ಸೇರುವ ಬಾಯಿ, ಇವುಗಳಿಗೆ ಕಲ್ಲು. ಆಮೇಲೆ ನಾಲ್ಕು ಜನ ದಡದ ಮೇಲೆ ನಡೆದು, ಬರೆದದ್ದು ಸರಿಯೇ ಅಂತ ನೋಡಿಕೊಂಡು ಬರುವುದು. ಕಾಲೇಜಿಗೆ ಹೋಗುವ ಮಕ್ಕಳ ಮೊಬೈಲಿನಲ್ಲಿ ಜಾಗದ ಗುರುತು ಹಿಡಿಯಬಹುದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ. ಯಾರೂ ನೀರಿಗೆ ಇಳಿಯಬೇಡಿ. ನಮ್ಮ ಹೊಳೆಯಲ್ಲಿ ಸುಳಿ ಇದೆ, ಮೊಸಳೆ ಇದೆ, ಮೇಲೆ ಯಾವಾಗ ನೀರು ಬಿಡುತ್ತಾರೆ ಅಂತ ಕೆಳಗಿನವರಿಗೆ ಗೊತ್ತಾಗಲ್ಲ. ಶಿವನಸಮುದ್ರದ ಕೆಳಗಿನ ಕಾಡಿನ ಭಾಗಕ್ಕಂತೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ, ಆನೆ ಬೇರೆ. ಆ ಭಾಗದ ಬಗ್ಗೆ ಹಿರಿಯರ ಬಾಯಿಂದ ಕೇಳಿ ಬರೆದರೆ ಸಾಕು.

ಇನ್ನೊಂದು ಎಚ್ಚರ, ಇದನ್ನು ಬಹಳ ಜನ ಯೋಚಿಸುವುದಿಲ್ಲ. ದೊಡ್ಡ ಬಿಳಿಮೀನು ಇರುವ ಮಡು ಇಂಥದ್ದೇ ಅಂತ ನಕ್ಷೆ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಿದರೆ ಏನಾಗುತ್ತೆ? ತೋಟೆ ಹಾಕುವವನಿಗೆ ನಾವೇ ವಿಳಾಸ ಕೊಟ್ಟ ಹಾಗೆ. ಆದ್ದರಿಂದ ಎರಡು ನಕ್ಷೆ ಬೇಕು. ಹಳ್ಳ, ಗರಸು, ಮರಳು ಗುಂಡಿ, ಚರಂಡಿ ಇರುವ ನಕ್ಷೆ ಎಲ್ಲರಿಗೂ. ಬಿಳಿಮೀನಿನ ಮಡುಗಳ ಹಾಳೆ ಬೇರೆ, ಅದು ಪೆಟ್ಟಿಗೆಯೊಳಗೆ. ಮೂರು ಬೀಗದ ಪೆಟ್ಟಿಗೆ ನಿಭಾಯಿಸಿದ ಸಂಘಗಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಫೇಸ್‌ಬುಕ್, ವಾಟ್ಸಾಪ್‌ಗೆ ಬೇಡವೇ ಬೇಡ.

ಬರೆದದ್ದು ಎಲ್ಲಿಗೆ ಹೋಗಬೇಕು? 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಪ್ರಾಣಿ, ಮೀನು, ಜನರ ತಿಳುವಳಿಕೆ ಎಲ್ಲವನ್ನೂ ಜನರನ್ನೇ ಕೇಳಿ ಬರೆಯುವ ದಾಖಲೆ ಪುಸ್ತಕವನ್ನು ಆ ಸಮಿತಿ ಇಡಬೇಕು. ಸಮಿತಿಯಲ್ಲಿ ಹೆಂಗಸರಿಗೂ ಜಾಗ ಇರಬೇಕು ಅಂತ 2004ರ ನಿಯಮಗಳೇ ಹೇಳಿದವು, ನಾಮಕರಣ ಸದಸ್ಯರಲ್ಲಿ ಮೂರನೇ ಒಂದು ಪಾಲಿಗೆ ಕಡಿಮೆ ಇಲ್ಲದಂತೆ. ನಿಮ್ಮ ಪಂಚಾಯ್ತಿಯಲ್ಲಿ ಆ ಸಮಿತಿಯಲ್ಲಿರುವ ಹೆಂಗಸರು ಯಾರು? ಗೊತ್ತಿಲ್ಲದಿದ್ದರೆ ನಾಳೆ ಬೆಳಿಗ್ಗೆ ಪಿಡಿಒ ಅವರನ್ನು ಕೇಳಿ. ಪುಸ್ತಕ ತೋರಿಸಿ ಅನ್ನಿ. ಅದರಲ್ಲಿ ಹೊಳೆಮೀನಿನ ಪುಟ ತೆಗೆದು, ಅಲ್ಲಿ ಏನು ಬರೆದಿದೆ ನೋಡಿ. ಬೇರೆ ಊರಿನ ಪಟ್ಟಿ ನಕಲು ಮಾಡಿ ತುಂಬಿದ್ದರೆ ನಿಮ್ಮ ಕಣ್ಣಿಗೆ ಥಟ್ಟನೆ ಗೊತ್ತಾಗುತ್ತೆ.

ಅವಸರ ಯಾಕೆ ಅಂತ ಕೇಳಬಹುದು. ಸಂಗಮದ ಕೆಳಗೆ ಮೇಕೆದಾಟುವಿನಲ್ಲಿ 67.16 ಟಿಎಂಸಿ ನೀರು ನಿಲ್ಲುವ ಅಣೆಕಟ್ಟಿನ ಯೋಜನೆ ಇದೆ. ಬೆಂಗಳೂರಿಗೆ ಕುಡಿಯುವ ನೀರು, ವಿದ್ಯುತ್ತು ಅದರ ಉದ್ದೇಶ. ಕಟ್ಟಬೇಕು ಅನ್ನುವವರೂ ಬೇಡ ಅನ್ನುವವರೂ ಇದ್ದಾರೆ, ಎರಡು ರಾಜ್ಯಗಳ ನಡುವೆ ನ್ಯಾಯಾಲಯದವರೆಗೂ ಹೋಗಿದೆ. ಈ ಸಭೆಯಲ್ಲಿ ಅದರ ವಾದ ಬೇಡ, ನಮ್ಮೊಳಗೇ ಎರಡು ಮಾತಿದೆ. ಆದರೆ ಅಲ್ಲಿ ನೀರು ನಿಂತರೆ ಓಡುವ ಹೊಳೆ ಕೆರೆಯಾಗುತ್ತೆ, ನಿಂತ ನೀರಿನ ತಳಕ್ಕೆ ಕೆಸರು ಕೂರುತ್ತೆ. ಯಾವ ಗರಸು ಮುಳುಗುತ್ತೆ, ಯಾವ ಮಡು ಮುಳುಗುತ್ತೆ, ಉಡುತೊರೆಯ ಬಾಯಿ ಉಳಿಯುತ್ತೋ ಇಲ್ಲವೋ ಅನ್ನುವುದು ತೀರ್ಮಾನಕ್ಕೆ ಮುಂಚೆ ಮೇಜಿನ ಮೇಲೆ ಇರಬೇಕೋ ಬೇಡವೋ? ಬಿಳಿಗುಂಡ್ಲುವಿನಲ್ಲಿ ಹರಿಯುವ ನೀರನ್ನು ದಿನ ದಿನ ಅಳೆಯುತ್ತಾರೆ. 2018ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ 177.25 ಟಿಎಂಸಿ ಅಂತ ಪಾಯಿಂಟ್ ಹಾಕಿ ಹೇಳಿತು. ನೀರಿನ ಲೆಕ್ಕ ಅಷ್ಟು ಕರಾರುವಾಕ್ಕು. ಆ ನೀರಿನ ತಳದಲ್ಲಿ ಮೀನಿಗೆ ಏನಿದೆ ಅನ್ನುವ ಲೆಕ್ಕಕ್ಕೆ ಅದೇ ನೀಲಿ ಗೆರೆ.

ಹಾಗಾಗಿ ಹೊಳೆ ಪಕ್ಕದ ಊರುಗಳ ಸಂಘದವರು, ಸುವರ್ಣಾವತಿ, ಗುಂಡಾಲ್, ಉಡುತೊರೆ ಹಳ್ಳದ ಪಕ್ಕದವರು ಮುಂದಿನ ತಿಂಗಳ ಒಕ್ಕೂಟದ ಸಭೆಗೆ ಬರುವಾಗ ಒಂದು ಹಾಳೆ ತನ್ನಿ. ನಿಮ್ಮೂರಿನ ಎಲ್ಲೆಯೊಳಗೆ ಹೊಳೆಯ ಅಥವಾ ಹಳ್ಳದ ಯಾವ ಯಾವ ಜಾಗಕ್ಕೆ ಹೆಸರಿದೆ, ಹೇಳಿದವರ ವಯಸ್ಸೆಷ್ಟು, ಅಲ್ಲಿ ಬೇಸಿಗೆಯಲ್ಲಿ ನೀರು ನಿಲ್ಲುತ್ತದೆಯೇ, ಇಷ್ಟು ಬರೆದಿದ್ದರೆ ಸಾಕು. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿ. ಊರಿಗೆ ಹತ್ತಿರ ಹೊಳೆಯೇ ಇಲ್ಲದವರು ಸಂತೆಯಲ್ಲಿ ಮೀನು ಕೊಂಡಾಗ, ಕೊಯ್ದಾಗ ಕಂಡದ್ದನ್ನು ಬರೆದು ತನ್ನಿ. ಎಲ್ಲ ಹಾಳೆಗಳನ್ನೂ ನೆಲದ ಮೇಲೆ ಸಾಲಾಗಿ ಮೇಲಿನ ಊರಿನಿಂದ ಕೆಳಗಿನ ಊರಿಗೆ ಜೋಡಿಸಿ, ಎಲ್ಲಿ ಖಾಲಿ ಇದೆ ಅಂತ ನೋಡಿ, ಆ ಊರಿನವರನ್ನು ಮುಂದಿನ ಸಲಕ್ಕೆ ಕರೆಯೋಣ.